ಬಾಂದು ಕಲ್ಲಿಲ್ಲದ ಅಳತೆ

ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಪುಸ್ತಕವಾದ ಪ್ರಕಟನೆಯ ಹನ್ನೊಂದನೆಯ ಅಧ್ಯಾಯ ಅಳತೆಕೋಲಿನಿಂದ ಆರಂಭವಾಗುತ್ತದೆ. ಯೋಹಾನನ ಕೈಗೆ ಒಂದು ಕೋಲು ಕೊಟ್ಟು, ಎದ್ದು ದೇವಾಲಯವನ್ನೂ ಯಜ್ಞವೇದಿಯನ್ನೂ ಅಳತೆಮಾಡು ಎಂದು ಅಪ್ಪಣೆಯಾಗುತ್ತದೆ. ಹೊರಗಿನ ಅಂಗಳವನ್ನು ಮಾತ್ರ ಅಳೆಯಬಾರದು. ಅದು ಅನ್ಯಜನರ ಪಾಲಾಗಿದೆ, ಅವರು ಪರಿಶುದ್ಧ ಪಟ್ಟಣವನ್ನು ನಲವತ್ತೆರಡು ತಿಂಗಳು ತುಳಿದಾಡುತ್ತಾರೆ. ಲೋಕಾಂತ್ಯದ ಲೆಕ್ಕ ಹಾಕುವವರೆಲ್ಲ ನೇರವಾಗಿ ಆ ನಲವತ್ತೆರಡು ತಿಂಗಳಿಗೆ ಹೋಗಿಬಿಡುತ್ತಾರೆ. ನಾನು ಕೋಲಿನ ಹತ್ತಿರವೇ ನಿಂತುಬಿಡುತ್ತೇನೆ. ಅದಕ್ಕೆ ಕಾರಣ ಭಕ್ತಿಯಲ್ಲ, ಮಾಡಿದ ಉದ್ಯೋಗ. ಕೋಲಾರ ಜಿಲ್ಲೆ ಒಡೆಯುವ ಮೊದಲೇ ಸರ್ವೆ ಇಲಾಖೆ ಸೇರಿ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೂ ಈ ಕಡೆಯೇ ಉಳಿದು ನಿವೃತ್ತನಾದವನು ನಾನು. ಪೋಡಿ, ಹದ್ದುಬಸ್ತು, ಒತ್ತುವರಿ ತಕರಾರು, ಇವುಗಳಲ್ಲೇ ವಯಸ್ಸು ಕಳೆಯಿತು.

ಈ ಕೆಲಸದವರಿಗೆ ಒಂದು ಸಂಗತಿ ಬೇಗ ತಿಳಿದುಬಿಡುತ್ತದೆ. ನಮ್ಮ ಹಳೆಯ ಸರಪಳಿ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಅಣ್ಣತಮ್ಮಂದಿರ ಜಗಳದಲ್ಲಿ ಸರಪಳಿ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಕೂಡುವಾಗ ಕಳೆಯುವಾಗ ತಪ್ಪಿದವರೂ ಕಡಿಮೆ. ತಕರಾರೆಲ್ಲ ಎಲ್ಲಿಂದ ಹಿಡಿದು ಅಳೆದಿರಿ ಎನ್ನುವುದರಲ್ಲಿ ಇರುತ್ತದೆ. ಗಡಿಗೆ ನೆಟ್ಟ ಬಾಂದು ಕಲ್ಲು ಒಂದು ರಾತ್ರಿಯಲ್ಲಿ ನಾಲ್ಕು ಅಡಿ ನಡೆದುಹೋಗಿರುತ್ತದೆ. ಆಮೇಲೆ ಎಷ್ಟೇ ಪ್ರಾಮಾಣಿಕವಾಗಿ ಸರಪಳಿ ಎಳೆದರೂ ಪಕ್ಕದವನ ಹೊಂಗೆಮರ ನಿಮ್ಮ ಹೊಲದೊಳಗೆ ಬಂದು ನಿಲ್ಲುತ್ತದೆ.

ಪ್ರವಾದನೆಯ ಕಾಲಾವಧಿಗಳ ಬಗ್ಗೆ ಓದಲು ತೊಡಗಿದ್ದು ನಿವೃತ್ತಿಯ ನಂತರ, ಭಾವನವರ ಕಾಟಕ್ಕೆ. ನಮ್ಮದು ಲಂಡನ್ ಮಿಷನ್ ಕಾಲದ ಬೇರಿರುವ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆತನ. ನಮ್ಮ ಸಭಾಪಾಲಕರು ಪ್ರಕಟನೆಯಿಂದ ಬೋಧನೆ ಮಾಡುವುದು ಹೆಚ್ಚಾಗಿ ಯಾರಾದರೂ ತೀರಿಕೊಂಡಾಗ, ಅದೂ ಕಣ್ಣೀರು ಒರೆಸುವ ಇಪ್ಪತ್ತೊಂದನೆಯ ಅಧ್ಯಾಯದಿಂದ. ಭಾವ ಶಿಡ್ಲಘಟ್ಟದವರು, ರೇಷ್ಮೆಗೂಡಿನ ವ್ಯಾಪಾರ. ಅವರು ಹೋಗುವ ಸಭೆಯಲ್ಲಿ ಕ್ರಿಸ್ತನ ಎರಡನೆಯ ಬರೋಣ, ಕೊನೆಗಾಲದ ಮಹಾಸಂಕಟ, ಭಕ್ತರು ಆಕಾಶಕ್ಕೆ ಎತ್ತಲ್ಪಡುವುದು, ಇವಿಲ್ಲದೆ ಭಾನುವಾರವೇ ಇಲ್ಲ. ಮನೆಯಲ್ಲಿ ತೆಲುಗು, ಕನ್ನಡ ಎರಡೂ ಭಾಷೆಯ ಕರಪತ್ರಗಳ ಕಟ್ಟು. 2020ರ ಸೆಪ್ಟೆಂಬರಿನಲ್ಲಿ ಇಸ್ರೇಲ್, ಅರಬ್ ಸಂಯುಕ್ತ ಸಂಸ್ಥಾನ ಮತ್ತು ಬಹರೇನ್ ನಡುವೆ ಒಪ್ಪಂದವಾದಾಗ ಫೋನ್ ಮಾಡಿದರು.

“ಏನಪ್ಪಾ, ಗಡಿಯಾರ ಶುರುವಾಯಿತು. ದಾನಿಯೇಲನು ಹೇಳಿದ ಒಡಂಬಡಿಕೆ ಇದೇ. ಇನ್ನು ಏಳೇ ವರ್ಷ.”

“ಭಾವ, ಆ ಒಪ್ಪಂದದ ಕಾಗದದಲ್ಲಿ ಏಳು ವರ್ಷ ಎಂದು ಎಲ್ಲಿ ಬರೆದಿದ್ದಾರೆ?”

“ಬರೆಯುತ್ತಾರೆಯೇ? ನೀನು ಹೊಲ ಅಳೆದವನು. ಕಾಲ ಅಳೆಯುವುದು ಬೇರೆ ವಿದ್ಯೆ.”

ಆ ಮಾತು ನನ್ನನ್ನು ಚುಚ್ಚಿತು ಎಂದೇ ಇಟ್ಟುಕೊಳ್ಳಿ. ಬೇರೆ ವಿದ್ಯೆಯೇನೂ ಅಲ್ಲ, ಅದೇ ವಿದ್ಯೆ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಅಳತೆಗಳನ್ನು ನೋಡೋಣ. ಹಳೆಯ ಒಡಂಬಡಿಕೆಯ ಪ್ರವಾದಿ ದಾನಿಯೇಲನ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಪರಿಶುದ್ಧರು ಒಬ್ಬ ಅರಸನ ಕೈಗೆ ಸಿಕ್ಕಿಬೀಳುವುದು ಒಂದು ಕಾಲ, ಎರಡು ಕಾಲ, ಅರ್ಧ ಕಾಲದವರೆಗೆ. ಕೂಡಿದರೆ ಮೂರೂವರೆ. ಪ್ರಕಟನೆಯಲ್ಲಿ ಅದೇ ಮೂರೂವರೆ ಮತ್ತೆ ಮತ್ತೆ ಬರುತ್ತದೆ. ಹನ್ನೊಂದನೆಯ ಅಧ್ಯಾಯದಲ್ಲಿ ನಲವತ್ತೆರಡು ತಿಂಗಳು, ಅದರ ಮುಂದಿನ ವಚನದಲ್ಲೇ 1260 ದಿನ, ಹನ್ನೆರಡನೆಯ ಅಧ್ಯಾಯದಲ್ಲಿ ಮೊದಲು 1260 ದಿನ, ಆಮೇಲೆ ದಾನಿಯೇಲನ ಮಾತಿನಲ್ಲೇ ಮೂರೂವರೆ ಕಾಲ, ಹದಿಮೂರನೆಯದರಲ್ಲಿ ಸಮುದ್ರದಿಂದ ಏರಿಬರುವ ಮೃಗದ ಅಧಿಕಾರಕ್ಕೆ ಮತ್ತೆ ನಲವತ್ತೆರಡು ತಿಂಗಳು. ಇವಲ್ಲದೆ ದಾನಿಯೇಲನಲ್ಲಿ ಎಪ್ಪತ್ತು ವಾರಗಳಿವೆ, 2300 ಸಂಧ್ಯೆ ಮತ್ತು ಉದಯಗಳಿವೆ, ಕೊನೆಯ ಅಧ್ಯಾಯದಲ್ಲಿ 1290 ಮತ್ತು 1335 ದಿನಗಳಿವೆ. ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯದ ಸಾವಿರ ವರ್ಷ ಎಲ್ಲರಿಗೂ ಗೊತ್ತು.

ಇವನ್ನು ವರ್ಷಗಳಾಗಿ ಬದಲಾಯಿಸಲು ಒಂದು ಹಳೆಯ ಸೂತ್ರವಿದೆ: ದಿನಕ್ಕೊಂದು ವರ್ಷ. ಆಧಾರ ಎರಡು ಕಡೆ. ಅರಣ್ಯಕಾಂಡದಲ್ಲಿ ಗೂಢಚಾರರು ಕಾನಾನ್ ನಾಡನ್ನು ನಲವತ್ತು ದಿನ ಸುತ್ತಿ ಬಂದು ಜನರ ಎದೆಗುಂದಿಸಿದ್ದಕ್ಕೆ ಶಿಕ್ಷೆ ನಲವತ್ತು ವರ್ಷದ ಅಲೆದಾಟ. ಯೆಹೆಜ್ಕೇಲನು ಇಸ್ರಾಯೇಲಿನ ಪಾಪದ ವರ್ಷಗಳಿಗೆ ಪ್ರತಿಯಾಗಿ ಎಡಮಗ್ಗುಲಲ್ಲಿ 390 ದಿನ, ಯೆಹೂದದ ವರ್ಷಗಳಿಗೆ ಬಲಮಗ್ಗುಲಲ್ಲಿ 40 ದಿನ ಮಲಗಬೇಕಾಯಿತು. ಒಂದರಲ್ಲಿ ದಿನ ವರ್ಷವಾಗುತ್ತದೆ, ಇನ್ನೊಂದರಲ್ಲಿ ವರ್ಷ ದಿನವಾಗುತ್ತದೆ. ಎಲ್ಲ ಪ್ರವಾದನೆಗಳಿಗೂ ಇದೇ ನಿಯಮ ಎಂದು ಎರಡರಲ್ಲೂ ಹೇಳಿಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ ದಾನಿಯೇಲನೇ ಯೆರೆಮೀಯನ ಎಪ್ಪತ್ತು ವರ್ಷದ ಪ್ರವಾದನೆಯನ್ನು ಬಿಚ್ಚಿ ಓದುತ್ತಾನೆ, ಎಪ್ಪತ್ತು ವರ್ಷವನ್ನು ಎಪ್ಪತ್ತು ವರ್ಷವೆಂದೇ ಓದುತ್ತಾನೆ. ಆದರೆ ಈ ಸೂತ್ರವನ್ನು ನಕ್ಕು ತಳ್ಳಿಹಾಕುವ ಹಾಗೂ ಇಲ್ಲ. ಶತಮಾನಗಳ ಕಾಲ ಯುರೋಪ್, ಅಮೆರಿಕಗಳ ಒಳ್ಳೊಳ್ಳೆಯ ತಲೆಗಳು ಇದನ್ನು ನಂಬಿ ಕೂತು ಲೆಕ್ಕ ಹಾಕಿವೆ.

ಅವರಲ್ಲಿ ನನಗೆ ಅತಿ ಹತ್ತಿರದವನಾಗಿ ಕಾಣುವುದು ವಿಲಿಯಂ ಮಿಲ್ಲರ್. 1782ರಲ್ಲಿ ಹುಟ್ಟಿದ ಅಮೆರಿಕದ ರೈತ. 1812ರ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದ. ಮೊದಲು ಸತ್ಯವೇದವನ್ನೇ ಅಷ್ಟಾಗಿ ನಂಬದಿದ್ದವನು, ಆಮೇಲೆ ಬ್ಯಾಪ್ಟಿಸ್ಟ್ ಸಭೆ ಸೇರಿ, ವಚನಕ್ಕೆ ವಚನ ಹೊಂದಿಸಿಕೊಂಡು ವರ್ಷಗಟ್ಟಲೆ ಒಬ್ಬನೇ ಓದಿದ. ಅವನು ಹಿಡಿದದ್ದು 2300 ದಿನಗಳನ್ನು. ಅಷ್ಟು ಕಳೆದ ಮೇಲೆ ದೇವಾಲಯ ಶುದ್ಧವಾಗುವುದು ಎಂದು ದಾನಿಯೇಲ ಹೇಳುತ್ತಾನೆ. ಮಿಲ್ಲರ್ ಪಾಲಿಗೆ ದೇವಾಲಯವೆಂದರೆ ಭೂಮಿ, ಶುದ್ಧಿಯೆಂದರೆ ಬೆಂಕಿ, ದಿನವೆಂದರೆ ವರ್ಷ. ಆದರೆ 2300 ವರ್ಷ ಎಲ್ಲಿಂದ? ಆ ಅಧ್ಯಾಯದಲ್ಲಿ ಕಲ್ಲೇ ಇಲ್ಲ. ಕಲ್ಲು ಇರುವುದು ಮುಂದಿನ ಅಧ್ಯಾಯದ ಎಪ್ಪತ್ತು ವಾರಗಳಿಗೆ: ಯೆರೂಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆ ಹೊರಟಂದಿನಿಂದ. ಪಾರಸಿಯ ಅರಸ ಅರ್ತಷಸ್ತನು ಎಜ್ರನನ್ನು ಕಳುಹಿಸಿದ ಕ್ರಿ.ಪೂ. 457ನ್ನು ಮಿಲ್ಲರ್ ಆ ಅಪ್ಪಣೆಯ ವರ್ಷವೆಂದು ಹಿಡಿದ. ಎಪ್ಪತ್ತು ವಾರಕ್ಕೂ 2300 ದಿನಕ್ಕೂ ಒಂದೇ ಕಲ್ಲು ಎಂದು ತೀರ್ಮಾನಿಸಿದ.

ಇಲ್ಲಿ ಅವನನ್ನು ಅವಸರದಲ್ಲಿ ಬಿಟ್ಟುಬಿಡಬಾರದು. 457ರಿಂದ, ಅಭಿಷಿಕ್ತನು ಬರುವವರೆಗೆ ಎಂದು ದಾನಿಯೇಲ ಹೇಳುವ ಅರವತ್ತೊಂಬತ್ತು ವಾರ, ಅಂದರೆ 483 ವರ್ಷ ಎಳೆದರೆ ಕ್ರಿ.ಶ. 27ಕ್ಕೆ ಬರುತ್ತದೆ. ಯೇಸುವಿನ ದೀಕ್ಷಾಸ್ನಾನ ಅದರ ಆಸುಪಾಸಿನಲ್ಲೇ ಆದದ್ದು. ಟಿಪ್ಪಣಿಯಲ್ಲಿರುವ ಅಳತೆ ಒಂದು ಕಡೆಯ ಗಡಿಗೆ ಇಷ್ಟು ಚೆನ್ನಾಗಿ ಕೂತುಬಿಟ್ಟರೆ ಯಾವ ಸರ್ವೆಯರನಿಗೂ ಇನ್ನೊಂದು ಕಡೆ ಕೂರುತ್ತದೆ ಎಂಬ ನಂಬಿಕೆ ಬರುವುದು ಸಹಜ. ಮಿಲ್ಲರ್ ಮುಂದಕ್ಕೆ ಎಳೆದ, 1843 ಬಂತು. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ, ಆದ್ದರಿಂದ 1844 ಎಂದು ಆಮೇಲೆ ತಿದ್ದಿದರು. ಅವನ ಅನುಯಾಯಿಯೊಬ್ಬ ಯೆಹೂದ್ಯರ ಪ್ರಾಯಶ್ಚಿತ್ತದ ದಿನಕ್ಕೆ ಹೊಂದಿಸಿ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದ. ಸಾವಿರಾರು ಜನ ಕಾದರು. ಕೆಲವರು ಆ ವರ್ಷದ ಬೆಳೆಯನ್ನು ಹೊಲದಲ್ಲೇ ಬಿಟ್ಟಿದ್ದರು. ಅಕ್ಟೋಬರ್ 23 ಎಂದಿನಂತೆ ಬಂತು. ಚರಿತ್ರೆಯಲ್ಲಿ ಅದಕ್ಕೆ ಮಹಾ ನಿರಾಶೆ ಎಂದೇ ಹೆಸರು. ಮಿಲ್ಲರ್ 1849ರಲ್ಲಿ ತೀರಿಕೊಂಡ, ಬರೋಣ ಹತ್ತಿರದಲ್ಲಿದೆ ಎಂಬ ನಂಬಿಕೆಯನ್ನು ಬಿಡದೆಯೇ. ಅವನ ಬಳಗದ ಒಂದು ಪಾಲು, ದಿನ ಸರಿಯೇ, ಶುದ್ಧಿಯಾಗಬೇಕಾದ ದೇವಾಲಯ ಭೂಮಿಯಲ್ಲ, ಪರಲೋಕದ್ದು ಎಂದು ಅರ್ಥಮಾಡಿಕೊಂಡಿತು. ಇಂದಿನ ಅಡ್ವೆಂಟಿಸ್ಟ್ ಸಭೆ ಆ ಗುಂಪಿನಿಂದಲೇ ಬೆಳೆದದ್ದು.

ಇಲ್ಲೊಂದು ತಮಾಷೆ ಇದೆ. ಮಿಲ್ಲರ್ ಮೊದಲು ಹೇಳಿದ್ದ 1843ರಲ್ಲೇ, ಜುಲೈ ತಿಂಗಳಲ್ಲಿ, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹುಟ್ಟಿತು. ಅದನ್ನು ತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವನು. ಆ ಸೀಮೆಯ ಭಕ್ತರಿಗೆ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ದೊಡ್ಡ ಪಂಡಿತ ನೂರು ವರ್ಷದ ಹಿಂದೆಯೇ 1836 ಎಂಬ ವರ್ಷವನ್ನು ಗೊತ್ತುಮಾಡಿ ಹೋಗಿದ್ದ. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶುದ್ಧಗೊಳಿಸಿದವರಲ್ಲಿ ಅವನು ಹಿರಿಯ, ಪೊಳ್ಳು ಮನುಷ್ಯನಲ್ಲ. ಮೋಗ್ಲಿಂಗ್ ಮಂಗಳೂರಿಗೆ ಬಂದು ಇಳಿದದ್ದು ಸರಿಯಾಗಿ 1836ರಲ್ಲಿ. ಸಾವಿರ ವರ್ಷದ ಆಳ್ವಿಕೆ ಶುರುವಾಗಬೇಕಿದ್ದ ವರ್ಷದಲ್ಲಿ ಹಡಗಿಳಿದು ಕನ್ನಡ ಕಲಿಯಲು ಕೂತ ಆ ಜರ್ಮನ್ ತರುಣನನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಮೂರೂವರೆ ಕಾಲದ ಕಥೆ ಇನ್ನೂ ಸೊಗಸಾಗಿದೆ. ದಿನಕ್ಕೊಂದು ವರ್ಷವಾದರೆ ಅದು 1260 ವರ್ಷ. ಹನ್ನೆರಡನೆಯ ಶತಮಾನದಲ್ಲಿ ಇಟಲಿಯಲ್ಲಿದ್ದ ಫಿಯೋರೆಯ ಯೋವಾಕಿಮ್ ಎಂಬ ಸನ್ಯಾಸಿ ಆ ಸಂಖ್ಯೆಯ ಮೇಲೆ ಚಿಂತನೆ ನಡೆಸಿ 1202ರಲ್ಲಿ ತೀರಿಕೊಂಡ. ಅವನ ಬರಹ ಓದಿದವರು ಕ್ರಿ.ಶ. 1260ರಲ್ಲೇ ಹೊಸ ಯುಗ ಬರುತ್ತದೆ ಎಂದು ಕಾದರು. ಅವರ ಕಲ್ಲು ಕ್ರಿಸ್ತನ ಜನನ. ಪ್ರಾಟೆಸ್ಟೆಂಟರು ಬಂದ ಮೇಲೆ ತುಳಿಯುವ ಮೃಗವೆಂದರೆ ಪೋಪರ ಆಡಳಿತವೇ ಎಂದು ಸಾಧಿಸಿದರು, ಕಲ್ಲನ್ನು ಕಿತ್ತು ಪೋಪರ ಅಧಿಕಾರ ಶುರುವಾದ ಕಡೆ ನೆಟ್ಟರು. ಅದು ಶುರುವಾದದ್ದು ಯಾವಾಗ? ಇಲ್ಲಿ ಸರ್ವೆ ಕಚೇರಿಯ ವಾಸನೆ ನನಗೆ ದಟ್ಟವಾಗಿ ಬಡಿಯುತ್ತದೆ. ಚಕ್ರವರ್ತಿ ಜಸ್ಟಿನಿಯನ್ ಪೋಪರಿಗೆ ಪತ್ರ ಬರೆದ 533 ಎಂದರೆ 1793, ಫ್ರೆಂಚ್ ಕ್ರಾಂತಿಯ ನಟ್ಟನಡು. ಗಾಥರು ರೋಮಿನ ಮುತ್ತಿಗೆ ತೆಗೆದು ಹೊರಟ 538 ಎಂದರೆ 1798, ಫ್ರಾನ್ಸಿನ ದಂಡನಾಯಕ ಬರ್ತಿಯೇ ರೋಮನ್ನು ಹಿಡಿದು ಆರನೆಯ ಪಿಯುಸ್ ಪೋಪರನ್ನು ಸೆರೆಯಾಳಾಗಿ ಒಯ್ದ ವರ್ಷ. ಚಕ್ರವರ್ತಿ ಫೋಕಸ್ ರೋಮಿನ ಪೀಠಕ್ಕೆ ಹಿರಿತನ ಕೊಟ್ಟನೆಂದು ಹೇಳುವ 606 ಎಂದರೆ 1866. ಪೋಪರಿಗೆ ಸ್ವಂತ ರಾಜ್ಯ ಸಿಕ್ಕ 756 ಎಂದರೆ 2016. ಷಾರ್ಲ್‌ಮೇನ್ ಪಟ್ಟವೇರಿದ 800 ಎಂದರೆ 2060.

ಕೊನೆಯದು ಐಸಾಕ್ ನ್ಯೂಟನ್ನನ ಲೆಕ್ಕ. ಅವನ ಹಸ್ತಪ್ರತಿಗಳ ದೊಡ್ಡದೊಂದು ಕಂತೆ ಈಗ ಯೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 2060 ಎಂಬ ಆ ಟಿಪ್ಪಣಿ 2003ರಲ್ಲಿ ಪತ್ರಿಕೆಗಳಿಗೆ ಸಿಕ್ಕಿ ಲೋಕವೆಲ್ಲ ಸುದ್ದಿಯಾಯಿತು. ಸುದ್ದಿ ಬರೆದವರು ಹೆಚ್ಚಾಗಿ ಬಿಟ್ಟದ್ದು ಅದರ ಮುಂದಿನ ಮಾತನ್ನು. ಅಂತ್ಯ ಯಾವಾಗ ಎಂದು ಸಾರಲು ಇದನ್ನು ಹೇಳುತ್ತಿಲ್ಲ, ಪದೇ ಪದೇ ದಿನ ಗೊತ್ತುಮಾಡಿ, ಅದು ಸುಳ್ಳಾದಾಗ ಪ್ರವಾದನೆಗೇ ಕೆಟ್ಟ ಹೆಸರು ತರುವವರ ಬಾಯಿ ಮುಚ್ಚಿಸಲು ಹೇಳುತ್ತಿದ್ದೇನೆ ಎಂಬ ಅರ್ಥದಲ್ಲಿ ನ್ಯೂಟನ್ ಬರೆದಿದ್ದಾನೆ. ಇದಕ್ಕಿಂತ ತಡವಾದೀತು, ಇದಕ್ಕಿಂತ ಮೊದಲು ಆಗಲು ಕಾರಣ ಕಾಣುವುದಿಲ್ಲ ಎಂಬುದು ಅವನ ನಿಲುವು. ಕಲ್ಲನ್ನು ಬೇಕೆಂದೇ ದೂರ ನೆಟ್ಟು ಜಗಳ ತಪ್ಪಿಸಿದ ಹಳ್ಳಿಯ ಹಿರಿಯನ ಬುದ್ಧಿ ಅದು.

1798ರ ಲೆಕ್ಕ ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಆ ಕಾಲದವರಿಗೆ ಸೂತ್ರ ಸರಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆದರೆ ಪಿಯುಸ್ ಪೋಪರು 1799ರಲ್ಲಿ ಸೆರೆಯಲ್ಲಿ ಸತ್ತ ಮರುವರ್ಷವೇ ಹೊಸ ಪೋಪರು ಬಂದರು. ನಂಬಿಕಸ್ತರು, ಮೃಗದ ಗಾಯ ವಾಸಿಯಾಯಿತು ಎಂಬ ವಚನ ಇದೇ ಎನ್ನುತ್ತಾರೆ. ಆಗಲಿ. ನನ್ನ ಆಕ್ಷೇಪ ಬೇರೆ ಕಡೆ ಇದೆ. ಸೂತ್ರವಾದರೆ ಎಲ್ಲ ಕಡೆಯೂ ನಡೆಯಬೇಕು. ಪ್ರಕಟನೆಯಲ್ಲಿ ಸ್ಮುರ್ನದ ಸಭೆಗೆ ಹೇಳಿದ ಹತ್ತು ದಿನದ ಸಂಕಟವನ್ನು 303ರಲ್ಲಿ ಡಯೋಕ್ಲೆಷನ್ ಆರಂಭಿಸಿದ ಹಿಂಸೆಯ ಹತ್ತು ವರ್ಷವೆಂದರು, ಒಪ್ಪೋಣ. ಇಬ್ಬರು ಸಾಕ್ಷಿಗಳ ಹೆಣ ಬೀದಿಯಲ್ಲಿ ಬಿದ್ದಿದ್ದ ಮೂರೂವರೆ ದಿನವನ್ನು ಕ್ರಾಂತಿಯ ಫ್ರಾನ್ಸಿನಲ್ಲಿ ಆರಾಧನೆ ನಿಂತಿದ್ದ ಮೂರೂವರೆ ವರ್ಷವೆಂದರು, ಅದನ್ನೂ ಕೇಳೋಣ. ಅದೇ ಪುಸ್ತಕದ ಸಾವಿರ ವರ್ಷಕ್ಕೆ ಬಂದಾಗ ಮಾತ್ರ ಬಹುಪಾಲು ಮಂದಿ ಸಾವಿರ ಎಂದರೆ ಸಾವಿರವೇ ಎಂದು ಸರಪಳಿಯನ್ನು ಮಡಚಿಡುತ್ತಾರೆ. ಸೂತ್ರದ ಪ್ರಕಾರ ಅದು ಮೂರು ಲಕ್ಷದ ಅರವತ್ತು ಸಾವಿರ ವರ್ಷವಾಗಬೇಕಿತ್ತು. ಕಲಿಯುಗ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ವರ್ಷ ಎಂದು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಅದೇನೂ ಭಯಂಕರ ಸಂಖ್ಯೆಯಲ್ಲ, ಅವರಿಗೆ ಯಾಕೋ ಆಗಲಿಲ್ಲ. ಅಗಸ್ಟೀನನು ಐದನೆಯ ಶತಮಾನದಲ್ಲೇ ಆ ಸಾವಿರ ವರ್ಷವನ್ನು ಸಭೆಯ ಇಡೀ ಕಾಲವೆಂದು ಓದಿ ಲೆಕ್ಕದ ಗೋಜಿಲ್ಲದೆ ಮುಗಿಸಿದ್ದ.

ಭಾವನವರ ಏಳು ವರ್ಷ ಈ ವಂಶದ್ದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿ ಬೆಳೆಸಿದ್ದು, 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಸತ್ಯವೇದದ ಅಡಿಟಿಪ್ಪಣಿಗಳ ಮೂಲಕ ಲೋಕಕ್ಕೆಲ್ಲ ಹರಡಿದ್ದು. ಅಲ್ಲಿ ದಿನ ದಿನವೇ. ಎಪ್ಪತ್ತು ವಾರಗಳಲ್ಲಿ ಅರವತ್ತೊಂಬತ್ತು ಕ್ರಿಸ್ತನ ಕಾಲಕ್ಕೆ ಮುಗಿದವು, ಆಮೇಲೆ ಗಡಿಯಾರ ನಿಂತಿತು, ಒಂದು ಒಡಂಬಡಿಕೆಯಿಂದ ಶುರುವಾಗುವ ಕೊನೆಯ ಒಂದು ವಾರ, ಅಂದರೆ ಏಳು ವರ್ಷದ ಮಹಾಸಂಕಟ, ಇನ್ನೂ ಬರಬೇಕು. ನಡುವಿನ ಎರಡು ಸಾವಿರ ವರ್ಷ? ನಮ್ಮ ಪಹಣಿ ಭಾಷೆಯಲ್ಲಿ ಹೇಳುವುದಾದರೆ ಅದನ್ನು ಖರಾಬು ಎಂದು ಬರೆದು ಅಳತೆಯಿಂದ ಕಳೆದುಬಿಟ್ಟಿದ್ದಾರೆ. ಅರವತ್ತೊಂಬತ್ತನೆಯ ಗುಂಟೆಗೂ ಎಪ್ಪತ್ತನೆಯ ಗುಂಟೆಗೂ ನಡುವೆ ಒಂದು ಇಡೀ ತಾಲ್ಲೂಕನ್ನು ಖರಾಬು ಬಿಟ್ಟ ನಕ್ಷೆಯನ್ನು ನಾನು ಕಚೇರಿಗೆ ಒಯ್ದಿದ್ದರೆ ಏನಾಗುತ್ತಿತ್ತೋ. 2020ರ ಸೆಪ್ಟೆಂಬರಿನಿಂದ ಮೂರೂವರೆ ವರ್ಷ ಎಣಿಸಿದರೆ 2024ರ ಮಾರ್ಚ್. ಆ ತಿಂಗಳು ಶಿಡ್ಲಘಟ್ಟದಲ್ಲಿ ಗೂಡಿನ ಧಾರಣೆಯ ಮಾತು ಬಿಟ್ಟು ಭಾವ ಬೇರೇನೂ ಆಡಲಿಲ್ಲ. ನಾನೂ ಕೆದಕಲಿಲ್ಲ. ಅಕ್ಕ ಅಡುಗೆಮನೆಯಲ್ಲಿದ್ದರು, ಕೆದಕಿದ್ದರೆ ಊಟ ಸಿಗುತ್ತಿರಲಿಲ್ಲ.

ಯೆಹೋವನ ಸಾಕ್ಷಿಗಳು ಎಂಬ ಪಂಗಡದವರ 1914ರ ಲೆಕ್ಕವೂ ಹೀಗೇ ಕಲ್ಲಿನ ಮೇಲೆ ನಿಂತದ್ದು. ದಾನಿಯೇಲನ ಪುಸ್ತಕದಲ್ಲಿ ಬರುವ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಹುಚ್ಚಿನ ಏಳು ಕಾಲಗಳನ್ನು 2520 ವರ್ಷ ಮಾಡಿ ಕ್ರಿ.ಪೂ. 607ರಿಂದ ಎಳೆಯುತ್ತಾರೆ. ಯೆರೂಸಲೇಮು ಬಿದ್ದದ್ದು 587 ಅಥವಾ 586ರಲ್ಲಿ ಎಂಬುದು ಚರಿತ್ರಕಾರರ ಮಾತು. ಇಪ್ಪತ್ತು ವರ್ಷದ ಒತ್ತುವರಿ.

ಇದನ್ನೆಲ್ಲ ಬಿಟ್ಟು ಆ ಪುಸ್ತಕಗಳ ಮೊದಲ ಓದುಗರ ಕಾಲಕ್ಕೇ ಕಲ್ಲು ನೆಡುವವರೂ ಇದ್ದಾರೆ. ಸಿರಿಯದ ಅರಸ ನಾಲ್ಕನೆಯ ಅಂತಿಯೋಕನು ಕ್ರಿ.ಪೂ. 167ರ ಡಿಸೆಂಬರಿನಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿದ. 164ರ ಡಿಸೆಂಬರಿನಲ್ಲಿ ಅವನ ವಿರುದ್ಧ ದಂಗೆಯೆದ್ದ ಯೆಹೂದ್ಯರಾದ ಮಕ್ಕಬಿಯರು ಅದನ್ನು ಮತ್ತೆ ಪ್ರತಿಷ್ಠಿಸಿದರು, ಹನುಕ್ಕ ಹಬ್ಬ ಅದರ ನೆನಪು. ದಾನಿಯೇಲನ ಮೂರೂವರೆ ಇದೇ ಎಂದು ಹೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಅಳೆದರೆ ಮೂರೇ ವರ್ಷ. ಅರ್ಧ ಕಡಿಮೆ. 2300 ಸಂಧ್ಯೆ ಮತ್ತು ಉದಯಗಳನ್ನು ಎರಡೆರಡಾಗಿ ಕೂಡಿಸಿ 1150 ದಿನವೆಂದರೂ ಸರಿಯಾಗಿ ಕೂರುವುದಿಲ್ಲ. ಪ್ರಕಟನೆಯ ನಲವತ್ತೆರಡು ತಿಂಗಳನ್ನು ರೋಮಿನವರ ಯುದ್ಧಕ್ಕೆ ಹೊಂದಿಸುವವರು, ಸೇನಾಪತಿ ವೆಸ್ಪಾಸಿಯನ್ ಬಂದ 67ರ ವಸಂತದಿಂದ ದೇವಾಲಯ ಸುಟ್ಟ 70ರ ಆಗಸ್ಟಿನವರೆಗೆ ಎನ್ನುತ್ತಾರೆ. ಅದು ಇನ್ನೂ ಹತ್ತಿರ. ಎಲ್ಲವೂ ಆಗಲೇ ಮುಗಿಯಿತು ಎಂಬ ವಾದಕ್ಕೂ, ಎಲ್ಲವೂ ಇನ್ನು ಮುಂದೆ ಎಂಬ ವಾದಕ್ಕೂ ಹೊಸ ಕಾಲದಲ್ಲಿ ರೂಪ ಕೊಟ್ಟವರು ಸ್ಪೇನಿನ ಇಬ್ಬರು ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳು: ಮೊದಲನೆಯದಕ್ಕೆ ಆಲ್ಕಾಸರ್, ಎರಡನೆಯದಕ್ಕೆ ರಿಬೇರಾ. ಮೃಗ ಪೋಪರಲ್ಲ ಎಂದು ಸಾಧಿಸಲು ಒಬ್ಬರು ಕಲ್ಲನ್ನು ಹಿಂದಕ್ಕೆ ಸರಿಸಿದರು, ಒಬ್ಬರು ಮುಂದಕ್ಕೆ. ಎರಡನೆಯದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪೋಪರನ್ನು ಕಂಡರಾಗದವರೇ ತಲೆಯ ಮೇಲೆ ಹೊತ್ತುಕೊಂಡರು.

ನಾನು ಓದುವ ರೀತಿ ಸಂಖ್ಯೆಯ ಮೈಕಟ್ಟಿನಿಂದ ಶುರುವಾಗುತ್ತದೆ. 42 ತಿಂಗಳು 1260 ದಿನವಾಗಬೇಕಾದರೆ ಪ್ರತಿ ತಿಂಗಳಿಗೂ ಮೂವತ್ತು ದಿನ ಇರಬೇಕು. ಯೆಹೂದ್ಯರ ತಿಂಗಳು ಚಂದ್ರನದು, ನಮ್ಮ ಯುಗಾದಿಯ ಪಂಚಾಂಗದ ಹಾಗೆಯೇ. ಒಂದು ತಿಂಗಳು ಇಪ್ಪತ್ತೊಂಬತ್ತೂವರೆ ದಿನ, ಆಗಾಗ ಒಂದು ಅಧಿಕಮಾಸ. ಆ ಪಂಚಾಂಗ ಹಿಡಿದು ನಲವತ್ತೆರಡು ತಿಂಗಳು ಎಣಿಸಿದರೆ 1240ರ ಸುಮಾರು ಬರುತ್ತದೆ. ಸೂರ್ಯನ ಮೂರೂವರೆ ವರ್ಷ ಎಂದರೆ 1278 ದಿನ. 1260 ಯಾವ ಆಕಾಶದಿಂದಲೂ ಇಳಿದದ್ದಲ್ಲ. ನೋಹನ ಕಥೆಯಲ್ಲೂ ಐದು ತಿಂಗಳಿಗೆ 150 ದಿನ ಎಂದು ಇಂಥದ್ದೇ ಸಪಾಟು ಲೆಕ್ಕ ಇದೆ. ಬಯಲಿನಲ್ಲಿ ಎಳೆದ ಸರಪಳಿಯಲ್ಲಿ ಯಾವತ್ತೂ ಆಣೆ, ಅರೆಯಾಣೆ ಉಳಿಯುತ್ತದೆ. ಉಳಿಯದೆ ದುಂಡಗೆ ಬಂದರೆ ಅದು ಹೊಲದಲ್ಲಿ ಅಳೆದದ್ದಲ್ಲ, ಕಾಗದದ ಮೇಲೆ ಬರೆದದ್ದು ಎಂದು ನಮ್ಮ ಮೇಲಧಿಕಾರಿಗಳು ಕಣ್ಣಲ್ಲೇ ಹಿಡಿಯುತ್ತಿದ್ದರು. ಇಲ್ಲಿ ಅದು ಮೋಸವಲ್ಲ, ಉದ್ದೇಶ. ಬರೆದವನಿಗೆ ಬೇಕಾದದ್ದು ಏಳರ ಅರ್ಧ. ಪ್ರಕಟನೆಯಲ್ಲಿ ಏಳು ಸಭೆ, ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ; ಪೂರ್ತಿಯಾದದ್ದೆಲ್ಲ ಏಳು. ಮೃಗಕ್ಕೆ ಸಿಕ್ಕಿದ್ದು ಮೂರೂವರೆ. ಪೂರ್ತಿಯಾಗಲು ಬಿಡದೆ ಮುರಿದ ಅವಧಿ.

ಆ ಮೂರೂವರೆ ಪ್ರವಾದಿ ಎಲೀಯನ ಕಾಲದ ಬರಗಾಲದ್ದೂ ಹೌದು. ಅರಸುಗಳ ಪುಸ್ತಕದಲ್ಲಿ ಮೂರನೆಯ ವರ್ಷದಲ್ಲಿ ಮಳೆಯ ಮಾತು ಬರುತ್ತದೆ. ಲೂಕನ ಸುವಾರ್ತೆಗೂ ಯಾಕೋಬನ ಪತ್ರಿಕೆಗೂ ಬರುವಷ್ಟರಲ್ಲಿ ಅದು ಮೂರು ವರ್ಷ ಆರು ತಿಂಗಳು ಆಗಿದೆ. ಪ್ರಕಟನೆಯ ಇಬ್ಬರು ಸಾಕ್ಷಿಗಳಿಗೆ ತಾವು ಪ್ರವಾದಿಸುವ 1260 ದಿನ ಮಳೆ ಬೀಳದಂತೆ ಆಕಾಶವನ್ನು ಮುಚ್ಚುವ ಅಧಿಕಾರವಿದೆ. ಯೋಹಾನನ ಮೊದಲ ಓದುಗರಿಗೆ ಆ ಸಂಖ್ಯೆ ಕೇಳಿದೊಡನೆ ಕ್ಯಾಲೆಂಡರ್ ಅಲ್ಲ, ಬಾಯಿಬಿಟ್ಟ ನೆಲ ಕಣ್ಣಿಗೆ ಬಂದಿರಬೇಕು. ಇದನ್ನು ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಗುಡಿಬಂಡೆ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಂದಿಬೆಟ್ಟದ ಸುತ್ತ ಎಷ್ಟೋ ನದಿಗಳು ಹುಟ್ಟುತ್ತವೆ, ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿ ಹೋಗಿ ಧೂಳು ಉಗುಳಿದ್ದನ್ನು ನಾನು ನಿಂತು ನೋಡಿದ್ದೇನೆ. ಬರಗಾಲದ ಒಳಗಿರುವವನಿಗೆ ಅದು ಎರಡು ವರ್ಷದ್ದೋ ಐದು ವರ್ಷದ್ದೋ ತಿಳಿಯುವ ದಾರಿಯಿಲ್ಲ. ಅದಕ್ಕೊಂದು ಸಂಖ್ಯೆ ಇದೆ ಎಂದು ಯಾರಾದರೂ ಹೇಳಿದರೆ, ಆ ಸಂಖ್ಯೆ ಎಷ್ಟು ಎನ್ನುವುದಕ್ಕಿಂತ, ಇದನ್ನು ಅಳೆದವನೊಬ್ಬ ಇದ್ದಾನೆ ಎನ್ನುವುದೇ ಮೊದಲು ಕಿವಿಗೆ ಬೀಳುತ್ತದೆ.

ಇನ್ನೊಂದನ್ನು ಗಮನಿಸಿ. ಪಟ್ಟಣವನ್ನು ತುಳಿಯುವವರ ಕಾಲ, ಮೃಗದ ಅಧಿಕಾರದ ಕಾಲ, ಎರಡನ್ನೂ ಯೋಹಾನ ತಿಂಗಳುಗಳಲ್ಲಿ ಹೇಳುತ್ತಾನೆ. ಗೋಣಿತಟ್ಟು ಹೊದ್ದು ಸಾಕ್ಷಿ ಹೇಳುವವರ ಕಾಲವನ್ನು, ಅಡವಿಗೆ ಓಡಿಹೋದ ಹೆಂಗಸನ್ನು ಪೋಷಿಸುವ ಕಾಲವನ್ನು ದಿನಗಳಲ್ಲಿ ಹೇಳುತ್ತಾನೆ. ಉದ್ದ ಒಂದೇ. ಅಧಿಕಾರದಲ್ಲಿರುವವನು ತಿಂಗಳ ಲೆಕ್ಕದಲ್ಲಿ ಬದುಕುತ್ತಾನೆ, ಅಡಗಿ ಬದುಕುವವರಿಗೆ ದಿನದಿನದ ಲೆಕ್ಕ. ಪತ್ಮೋಸ್ ದ್ವೀಪದಲ್ಲಿ ಗಡೀಪಾರಾಗಿದ್ದ ಯೋಹಾನನೂ ಆ ಲೆಕ್ಕದವನೇ. ದಿನಕ್ಕೊಂದು ವರ್ಷ ಎಂದು ಗುಣಿಸಿದ ತಕ್ಷಣ ಈ ವ್ಯತ್ಯಾಸ ಕರಗಿಹೋಗುತ್ತದೆ, ಎರಡೂ 1260 ವರ್ಷವಾಗಿ ಮರಗಟ್ಟಿಬಿಡುತ್ತವೆ. ಆ ಸೂತ್ರದ ಮೇಲೆ ನನಗಿರುವ ದೊಡ್ಡ ದೂರು ಇದೇ.

ನಮ್ಮ ಸೀಮೆಯಲ್ಲಿ ಕಾಲ ಹೇಳುವ ಇನ್ನೊಂದು ಪರಂಪರೆಯೂ ಇದೆ. ಚಿಂತಾಮಣಿಯ ಹತ್ತಿರದ ಕೈವಾರದ ತಾತಯ್ಯನವರ ಕಾಲಜ್ಞಾನ, ತೆಲುಗು ಬಲ್ಲ ಮನೆಗಳಲ್ಲಿ ವೀರಬ್ರಹ್ಮೇಂದ್ರರ ಕಾಲಜ್ಞಾನ. ಏನು ವಿಚಿತ್ರ ನಡೆದರೂ ಚಹಾದಂಗಡಿಯಲ್ಲಿ ಒಬ್ಬರು, ತಾತಯ್ಯನವರು ಆಗಲೇ ಹೇಳಿದ್ದರು ಎನ್ನುತ್ತಾರೆ. ನಾನು ಕೇಳಿದಷ್ಟರಲ್ಲಿ ಅಲ್ಲಿ ಘಟನೆ ಮೊದಲು, ಪದ್ಯ ಆಮೇಲೆ. ಮುಂಚಿತವಾಗಿ ಇಸವಿ ಹೇಳಿ ಹೊಲ ಬಿಟ್ಟವರನ್ನು ಕಂಡಿಲ್ಲ. ಆ ದಿನವನ್ನೂ ಗಳಿಗೆಯನ್ನೂ ತಂದೆಯ ಹೊರತು ಯಾರೂ ಅರಿಯರು ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಹೇಳಿದ್ದನ್ನು ಓದಿದ ನಾವು ಇಸವಿ ಹೇಳುತ್ತೇವೆ. ದಿನ, ಗಳಿಗೆ ತಿಳಿಯದು ಎಂದಿದ್ದಾರೆ, ವರ್ಷ ತಿಳಿಯದು ಎಂದಿಲ್ಲ ಎಂಬ ಜಾಣತನದ ಉತ್ತರ ಭಾವನವರದು. ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂಬ ಅಪೊಸ್ತಲರ ಕೃತ್ಯಗಳ ಮಾತನ್ನು ತೋರಿಸಿದರೆ, ಅದು ಆಗಿನ ಶಿಷ್ಯರಿಗೆ, ನಮಗಲ್ಲ ಎನ್ನುತ್ತಾರೆ. ಅವರೊಂದಿಗೆ ಗೆದ್ದವರಿಲ್ಲ.

ಆದರೆ ಅವರು ಒಂದು ಕಡೆ ನನ್ನನ್ನು ಕಟ್ಟಿಹಾಕಿದ್ದಾರೆ. ಮೊನ್ನೆ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಈ ಏಳರ ಅರ್ಧದ ವಿಚಾರ ಹೇಳುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು ದಾನಿಯೇಲನ ಹನ್ನೆರಡನೆಯ ಅಧ್ಯಾಯ ತೆಗೆದು ಬೆರಳಿಟ್ಟರು.

“1260 ಸಂಕೇತವೇ ಆಗಲಿ ಅಂದುಕೋ. ಈ 1290 ಯಾವುದರ ಅರ್ಧ? 1335 ಯಾವುದರ ಅರ್ಧ?”

ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. 1290 ಎಂದರೆ 1260ಕ್ಕೆ ಮೂವತ್ತು ಸೇರಿಸಿದ್ದು, ಒಂದು ಅಧಿಕಮಾಸ ಇರಬಹುದು. 1335 ಎಂದರೆ ಅದರ ಮೇಲೆ ಇನ್ನೂ ನಲವತ್ತೈದು. ಅದು ದುಂಡಗಿಲ್ಲ, ಕಾಗದದ ಮೇಲೆ ಬರೆದಂತೆ ಕಾಣುವುದಿಲ್ಲ, ಯಾರೋ ನಿಜವಾಗಿ ಎಣಿಸಿದಂತಿದೆ. ಮೊದಲ ಅವಧಿ ಕಳೆದರೂ ಬಿಡುಗಡೆ ಬಾರದಾಗ ಒಂದು ತಿಂಗಳು, ಆಮೇಲೆ ಇನ್ನೂ ಒಂದೂವರೆ ತಿಂಗಳು ಎಂದು ಪಠ್ಯದೊಳಗೇ ಮುಂದಕ್ಕೆ ಹಾಕಿದ ಗುರುತು ಇವು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದು ನಿಜವಾದರೆ ಅಂತ್ಯದ ದಿನವನ್ನು ತಿದ್ದಿದ ಮೊದಲಿಗರು ಮಿಲ್ಲರ್ ಕಡೆಯವರಲ್ಲ. ಆ ಊಹೆ ನನಗೆ ಇಷ್ಟವಿಲ್ಲ, ತಳ್ಳಿಹಾಕಲೂ ಬರುತ್ತಿಲ್ಲ. ಭಾವನವರಿಗೆ ಅದನ್ನು ಹೇಳಿದಾಗ ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ವಚನವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದರು. ಧನ್ಯನು ಎಂಬ ಮಾತು 1260ಕ್ಕೂ ಇಲ್ಲ, 1290ಕ್ಕೂ ಇಲ್ಲ. ಕಾದುಕೊಂಡು 1335ರವರೆಗೆ ತಲುಪಿದವನಿಗೆ ಇದೆ. “ನೋಡಿದೆಯಾ, ಕಾಯಬೇಕು ಎಂದೇ ಬರೆದಿದೆ” ಎಂದರು. ಅದಕ್ಕೆ ನಾನು, ಕೊಟ್ಟ ಅವಧಿ ಮುಗಿದ ಮೇಲೂ ಕಾಯಬೇಕು ಎಂದಲ್ಲವೇ ಭಾವ, ಎಂದೆ. ಈ ವಾದ ಇನ್ನೂ ಮುಗಿದಿಲ್ಲ. ಮುಂದಿನ ವಾರ ಅವರು ಸ್ಕೋಫೀಲ್ಡ್ ತರುತ್ತಾರಂತೆ.